ಮಂಜುಗಡ್ಡೆಯ ಮೇಲಿನ ಅರೆಮಂಡಿ

ಬಾಲೇವಾಡಿಯಲ್ಲಿ 1994ರ ಜನವರಿಯಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟವನ್ನು ಪುಣೆಯ ಹಿರಿಯ ಕನ್ನಡಿಗರು ಮರೆತಿರಲಾರರು. ಅದರ ಮರುತಿಂಗಳೇ ನಾರ್ವೆಯ ಲಿಲ್ಲೆಹ್ಯಾಮರ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ಜರುಗಿತು. ಅಲ್ಲಿ ಐಸ್ ಡಾನ್ಸ್ ಸ್ಪರ್ಧೆಯಲ್ಲಿ ಫಿನ್ಲೆಂಡಿನ ಸುಸಾನಾ ರಾಹ್ಕಮೊ ಹಾಗೂ ಪೆಟ್ರಿ ಕೊಕ್ಕೊ ಎಂಬ ಜೋಡಿ ನಾಲ್ಕನೆಯದಾಗಿ ಉಳಿಯಿತು. ಕೈಗೆಟುಕಿದ್ದ ಪದಕ ತಪ್ಪಿತು. ಇಬ್ಬರಿಗೂ ಆಗ 28 ವರ್ಷ. ಹದಿಹರೆಯದವರೇ ಮೆರೆಯುವ ಸ್ಕೇಟಿಂಗ್ ಪ್ರಪಂಚದಲ್ಲಿ ಇದು ಬೂಟು ಕಳಚಿಡುವ ವಯಸ್ಸೆಂದೇ ಅನೇಕರ ಭಾವನೆ.

ಆದರೆ ಐಸ್ ಡಾನ್ಸ್‌ನ ನಿಯಮಗಳೇ ಬೇರೆ. ಗಾಳಿಯಲ್ಲಿ ಮೂರು ನಾಲ್ಕು ಸುತ್ತು ತಿರುಗುವ ನೆಗೆತಗಳಿಗೆ ಇಲ್ಲಿ ಎಡೆಯಿಲ್ಲ. ಸಂಗಾತಿಯನ್ನು ತಲೆಯ ಮೇಲಕ್ಕೆತ್ತಿ ಹಿಡಿಯುವಂತಿಲ್ಲ. ಹೆಜ್ಜೆ, ಲಯ, ಇಬ್ಬರ ಹೊಂದಾಣಿಕೆ ಇವೇ ಬಂಡವಾಳ. ಬೂಟಿನಡಿಯ ಅಲಗಿನ ಅಗಲ ಸುಮಾರು 4 ಮಿಲಿಮೀಟರ್. ಅದರ ನಡುವೆ ತೋಡಿದ ಗಾಡಿ, ಇಕ್ಕೆಲದಲ್ಲಿ ಎರಡು ಅಂಚು. ಒಂದೇ ಅಂಚಿನ ಮೇಲೆ ದೇಹಭಾರವನ್ನೆಲ್ಲ ಹೊರಿಸಿ ಬಾಗಿ ಸಾಗಬೇಕಾದರೆ ಮಂಡಿ ಸದಾ ಮಡಿದೇ ಇರಬೇಕು. ಭರತನಾಟ್ಯದ ಅರೆಮಂಡಿಯಲ್ಲಿ ನಿಂತು ಬಲ್ಲವರಿಗೆ ತೊಡೆಯ ಸ್ನಾಯುಗಳು ಪಡುವ ಪಾಡನ್ನು ವಿವರಿಸಬೇಕಾಗಿಲ್ಲ. ಈ ಕಲೆ ನೆಗೆತದ ಶಕ್ತಿಗಿಂತ ಸಮತೋಲವನ್ನು ಬೇಡುತ್ತದೆ. ಸಮತೋಲವೋ, ಅಭ್ಯಾಸ ತಪ್ಪಿಸದವರ ಬಳಿ ಬಹುಕಾಲ ನಿಲ್ಲುವಂಥದು. ವೃದ್ಧರು ಜಾರಿ ಬೀಳದಂತಿರಲು ಒಂಟಿಕಾಲಿನಲ್ಲಿ ನಿಲ್ಲುವ ಅಭ್ಯಾಸವನ್ನು ವೈದ್ಯರು ಹೇಳಿಕೊಡುವುದೂ ಇದೇ ಕಾರಣಕ್ಕೆ. (ಆಸರೆಗೆ ಕುರ್ಚಿ ಪಕ್ಕದಲ್ಲಿರಲಿ.)

ಲಿಲ್ಲೆಹ್ಯಾಮರ್‌ನಲ್ಲಿ ಕಂಚನ್ನು ಒಯ್ದ ಇಂಗ್ಲೆಂಡಿನ ಜೇನ್ ಟಾರ್ವಿಲ್‌ಗೆ 36, ಕ್ರಿಸ್ಟೋಫರ್ ಡೀನ್‌ಗೆ 35 ವರ್ಷವಾಗಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಫಿನ್ಲೆಂಡಿನಲ್ಲಿಯೂ ಇದಕ್ಕೆ ಪೂರ್ವನಿದರ್ಶನವುಂಟು: 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಜೋಡಿ ಸ್ಕೇಟಿಂಗ್‌ನಲ್ಲಿ ಚಿನ್ನ ಗೆದ್ದ ಯಾಕೊಬ್ಸನ್ ದಂಪತಿಗಳಲ್ಲಿ ಪತ್ನಿಗೆ 35, ಪತಿಗೆ 38.

ರಾಹ್ಕಮೊ, ಕೊಕ್ಕೊ ಇವರ ಏರಿಕೆ ನಿಧಾನದ್ದು. 1992ರ ಆಲ್ಬರ್ಟ್‌ವಿಲ್ ಒಲಿಂಪಿಕ್ಸ್‌ನಲ್ಲಿ ಆರನೆಯ ಸ್ಥಾನ. 1993ರಲ್ಲಿ ಸ್ವದೇಶದ ಹೆಲ್ಸಿಂಕಿಯಲ್ಲೇ ಯುರೋಪಿಯನ್ ಕಂಚು. ಲಿಲ್ಲೆಹ್ಯಾಮರ್‌ನ ನಿರಾಶೆಯ ಮರುತಿಂಗಳು ಜಪಾನಿನ ಚಿಬಾದಲ್ಲಿ ವಿಶ್ವ ಸ್ಪರ್ಧೆಯ ಕಂಚು ದೊರೆಯಿತು. 1995ರಲ್ಲಿ ಜರ್ಮನಿಯ ಡಾರ್ಟ್‌ಮಂಡ್‌ನಲ್ಲಿ ಅವರು ಯುರೋಪಿಯನ್ ಚಾಂಪಿಯನ್ನರಾದರು. ಬರ್ಮಿಂಗ್‌ಹ್ಯಾಮ್‌ನಲ್ಲಿ ವಿಶ್ವ ಬೆಳ್ಳಿಯೂ ಬಂತು. ಸುಸಾನಾಗೆ ಆಗ ಮೂವತ್ತು ತುಂಬಿತ್ತು. ಮುಂದೆ ಇಬ್ಬರೂ ಸತಿಪತಿಗಳಾದರು.

ಪದಕಗಳಿಗಿಂತ ಹೆಚ್ಚು ಕಾಲ ಉಳಿದದ್ದು ಒಂದು ನೃತ್ಯ. 1995ರಲ್ಲಿ ತರಬೇತುಗಾರ ಮಾರ್ಟಿನ್ ಸ್ಕೊಟ್ನಿಟ್ಸ್‌ಕಿ ಅವರೊಡನೆ ಕ್ವಿಕ್‌ಸ್ಟೆಪ್ ಲಯಕ್ಕೆ ಈ ಜೋಡಿ ರಚಿಸಿದ ಹೆಜ್ಜೆಗಳಿಗೆ ‘ಫಿನ್‌ಸ್ಟೆಪ್’ ಎಂಬ ಹೆಸರಾಯಿತು. ನಿಮಿಷಕ್ಕೆ 208 ಮಾತ್ರೆಗಳ ನಡೆ ಅದರದು! ಸವಾಯಿ ಗಂಧರ್ವ ಮಹೋತ್ಸವದಲ್ಲಿ ದ್ರುತ್ ತರಾನಾ ಕೇಳಿದ ಪುಣೆಯ ರಸಿಕರು ಆ ವೇಗವನ್ನು ಊಹಿಸಿಕೊಂಡಾರು. ಮುಂದೆ ಅದು ಎಲ್ಲ ಸ್ಪರ್ಧಿಗಳೂ ಮಾಡಿ ತೋರಿಸಬೇಕಾದ ಕಡ್ಡಾಯ ನೃತ್ಯಗಳ ಸಾಲಿಗೆ ಸೇರಿತು. 2014ರಲ್ಲಿ ಸೋಚಿಯ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಡೇವಿಸ್, ವೈಟ್ ಜೋಡಿಗೆ ಮೊದಲ ದಿನ ಮುನ್ನಡೆ ದೊರೆತಾಗ, ಕೆನಡಾದ ವರ್ಚ್ಯೂ, ಮೊಯಿರ್ ಅವರೇ ಮುಂದಿರಬೇಕಿತ್ತೆಂದು ಪೆಟ್ರಿ ಕೊಕ್ಕೊ ಬಹಿರಂಗವಾಗಿ ನುಡಿದರು. ತೀರ್ಪುಗಾರರು ಅಂಕವಿತ್ತದ್ದು ಅವರದೇ ಫಿನ್‌ಸ್ಟೆಪ್‌ಗೆ.