ಹಳೆಯ ಕಡತ, ಹೊಸ ತಂತ್ರಾಂಶ: ಗಡಿನಾಡಿನ ಪದಸಂಗ್ರಹಗಳ ಉಳಿವು

ಜತ್ತ ತಾಲೂಕಿನ ಮುಚ್ಚಂಡಿಯಂತಹ ಗಡಿ ಊರುಗಳ ಆಡುಮಾತಿನ ಪದಗಳನ್ನು ಗಣಕಕ್ಕೆ ಸೇರಿಸಿದ ಮಾತ್ರಕ್ಕೆ ಅವು ಉಳಿದವೆಂದು ಹೇಳಲಾಗದು. ಎರಡು ದಶಕಗಳ ಹಿಂದಿನ ದತ್ತಾಂಶ ಕಡತವನ್ನು ಇಂದು ಓದಬೇಕಾದರೆ ಎರಡು ತೊಡಕುಗಳನ್ನು ದಾಟಬೇಕಾಗುತ್ತದೆ.

ಮೊದಲನೆಯದು ಕಡತದ ಸ್ವರೂಪ. ಮೈಕ್ರೋಸಾಫ್ಟ್ ಆಕ್ಸೆಸ್ 97ರ ಎಂಡಿಬಿ ಕಡತವನ್ನು ಆಕ್ಸೆಸ್ 2013 ಹಾಗೂ ಅನಂತರದ ಆವೃತ್ತಿಗಳು ತೆರೆಯವು. ಅದನ್ನು 2007 ಅಥವಾ 2010ರ ಆವೃತ್ತಿಯಲ್ಲಿ ತೆರೆದು, ಎಸಿಸಿಡಿಬಿ ಸ್ವರೂಪದಲ್ಲಿ ಉಳಿಸಿಕೊಂಡರೆ ಹೊಸ ತಂತ್ರಾಂಶವೂ ಓದುತ್ತದೆ.

ಎರಡನೆಯದು ಅಕ್ಷರಸಂಕೇತ. ನುಡಿ, ಬರಹ ತಂತ್ರಾಂಶಗಳ ಹಿಂದಿನ ಫಾಂಟುಗಳು ರೋಮನ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರಗಳನ್ನು ಜೋಡಿಸಿದ್ದವು. ಆ ಫಾಂಟು ಇಲ್ಲದ ಗಣಕದಲ್ಲಿ ಕಡತ ತೆರೆದರೂ ಅರ್ಥವಿಲ್ಲದ ರೋಮನ್ ಅಕ್ಷರಗಳೇ ಕಾಣುತ್ತವೆ. ಫಾಂಟನ್ನು ಅಳವಡಿಸಿದರೆ ಕನ್ನಡ ಕಂಡೀತು. ಅಕಾರಾದಿ ಜೋಡಣೆ ಮಾತ್ರ ಸರಿಯಾಗದು. ಆದುದರಿಂದ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸುವುದು ಅನಿವಾರ್ಯ.

ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತುಗಳು ಸ್ಥಾನ ತಪ್ಪುವುದುಂಟು. ಗ್ರಾಂಥಿಕ ಪದವಾದರೆ ನಿಘಂಟು ನೋಡಿ ತಿದ್ದಬಹುದು. ನಿಘಂಟಿನಲ್ಲಿಲ್ಲದ ಆಡುಮಾತಿನ ಪದ ಒಮ್ಮೆ ಕೆಟ್ಟರೆ, ಅದನ್ನು ಬಲ್ಲ ಹಿರಿಯರೇ ಆಧಾರ. ಅವರಿರುವಾಗಲೇ ತಾಳೆ ನೋಡಬೇಕು. ಮೂಲ ಕಡತವನ್ನಂತೂ ಅಳಿಸಬಾರದು.