ವಾರಂಟಿ ಅಟ್ಟದ ಮೇಲಿಲ್ಲ

ಕೊಡಗಿನ ಯಾವ ಮನೆಯ ಅಟ್ಟ ಹತ್ತಿದರೂ ಖಾಲಿ ಬಾಕ್ಸುಗಳ ರಾಶಿ. ಟಿವಿ ಕೆಟ್ಟು ಗುಜರಿ ಸೇರಿ ಎಷ್ಟೋ ಕಾಲವಾಗಿರುತ್ತದೆ, ಅದರ ಬಾಕ್ಸ್ ಮಾತ್ರ ಚಿರಂಜೀವಿ. ಯಾಕೆಂದು ಕೇಳಿದರೆ ಎಲ್ಲರದೂ ಒಂದೇ ಮಾತು: ‘ಬಾಕ್ಸ್ ಬಿಸಾಡಿದ್ರೆ ವಾರಂಟಿ ಹೋಯ್ತಲ್ಲ!’

ಹೋಗುವುದಿಲ್ಲ. ವಾರಂಟಿಗೆ ಬೇಕಾದದ್ದು ಕೊಂಡ ದಿನಾಂಕವಿರುವ ಬಿಲ್ಲು ಮತ್ತು ಯಂತ್ರದ ಮೈಮೇಲಿರುವ ಸೀರಿಯಲ್ ನಂಬರು. ಫ್ರಿಜ್ ರಿಪೇರಿಗೆ ಬಂದ ಮೆಕ್ಯಾನಿಕ್ ಅಟ್ಟ ಹತ್ತಿ ರಟ್ಟು ಪರೀಕ್ಷಿಸಿದ್ದನ್ನು ಯಾರಾದರೂ ಕಂಡಿದ್ದೀರಾ? ಮೊಬೈಲಿನ ಐಎಂಇಐ ಸಂಖ್ಯೆಗೂ ಬಾಕ್ಸ್ ಬೇಡ, *#06# ಒತ್ತಿದರೆ ಪರದೆಯ ಮೇಲೇ ಬರುತ್ತದೆ. ಬಾಕ್ಸ್ ಕೇಳುವುದು ಸಾಮಾನ್ಯವಾಗಿ ಆನ್‌ಲೈನಿನಲ್ಲಿ ತರಿಸಿದ ಮಾಲನ್ನು ವಾರ, ಹತ್ತು ದಿನದ ಗಡುವಿನೊಳಗೆ ವಾಪಸು ಮಾಡುವಾಗ. ಆ ಗಡುವಿಗೂ ವಾರಂಟಿಗೂ ಗಂಟುಹಾಕಿ ಕೂತದ್ದರಿಂದಲೇ ಅಟ್ಟ ತುಂಬಿದೆ.

ತಮಾಷೆಯೆಂದರೆ, ಬಿಲ್ಲನ್ನೂ ಆ ಬಾಕ್ಸಿನೊಳಗೇ ತುರುಕಿರುತ್ತಾರೆ. ಅಂಗಡಿಯ ಎಷ್ಟೋ ಬಿಲ್ಲುಗಳು ಥರ್ಮಲ್ ಕಾಗದದವು. ಅದರಲ್ಲಿ ಶಾಯಿಯೇ ಇಲ್ಲ, ಬಿಸಿ ತಾಗಿದಲ್ಲಿ ಕಪ್ಪಾಗುವ ಲೇಪ ಅಷ್ಟೆ. ಹೆಂಚಿನಡಿಯ ಕಾವು, ಮಳೆಗಾಲದ ತೇವ ಎರಡೂ ಸೇರಿ ಅಕ್ಷರ ಮಾಸುತ್ತವೆ. ಬಾಕ್ಸ್ ಉಳಿಯುತ್ತದೆ, ಬಿಲ್ಲು ಬಿಳಿ ಹಾಳೆಯಾಗುತ್ತದೆ. ತಂದ ದಿನವೇ ಬಿಲ್ಲಿನದೂ ನಂಬರಿನದೂ ಫೋಟೊ ತೆಗೆದು ಮಗಳಿಗೊಂದು ವಾಟ್ಸಾಪ್ ಮಾಡಿಟ್ಟರೆ ಸಾಕು.

ಬಯಲುಸೀಮೆಯವರು ಬಾಕ್ಸ್ ಪೇರಿಸಿಟ್ಟರೆ ಜಾಗವಷ್ಟೇ ದಂಡ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ, ಭಾಗಮಂಡಲದಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. ಮಳೆಗಾಲದ ಕಕ್ಕಡ ತಿಂಗಳಲ್ಲಿ ಉಟ್ಟ ಬಟ್ಟೆಯೇ ಒಣಗದ ಊರಲ್ಲಿ ರಟ್ಟು ಒಣಗಿರುತ್ತದೆಯೇ? ಗಾಳಿಯ ತೇವಾಂಶ ಶೇ. 90ಕ್ಕೆ ಏರಿದರೆ ಅದರ ಭಾರ ಹೊರುವ ಬಲ ಸುಮಾರು ಅರ್ಧಕ್ಕಿಳಿಯುತ್ತದೆ. ಮೊದಲು ಬೂಷ್ಟು, ಆಮೇಲೆ ಸುಕ್ಕುಗಳ ಸಂದಿಯಲ್ಲಿ ಜಿರಲೆ, ಕೊನೆಗೆ ಗೆದ್ದಲು. ಗೆದ್ದಲಿಗೆ ರಟ್ಟಾದರೇನು, ಪಕ್ಕದ ತೊಲೆಯಾದರೇನು!

ಕ್ಯಾಮೆರಾವನ್ನು ಅದರದೇ ಬಾಕ್ಸಿನಲ್ಲಿ ‘ಭದ್ರವಾಗಿ’ ಇಡುವವರದು ಇನ್ನೊಂದು ಕಥೆ. ಕತ್ತಲೆ, ತೇವ, ಗಾಳಿಯಾಡದ ಮೂಲೆ: ಲೆನ್ಸಿನ ಬೂಷ್ಟಿಗೆ ಬೇಕಾದದ್ದೆಲ್ಲ ಅಲ್ಲಿದೆ. ಅದು ಗಾಜಿನ ಲೇಪವನ್ನೇ ಕೊರೆದರೆ ಒರೆಸಿ ಪ್ರಯೋಜನವಿಲ್ಲ. ಬಾಕ್ಸಿನ ಜೊತೆ ಬಂದ ಸಿಲಿಕಾ ಜೆಲ್ ಪೊಟ್ಟಣ ಕಾಯುತ್ತದೆ ಎಂದುಕೊಂಡರೆ, ಅದು ನಮ್ಮ ಮಳೆಯಲ್ಲಿ ಬೇಗನೆ ತೇವ ಕುಡಿದು ಸುಮ್ಮನಾಗುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ತನ್ನಿ, ಹೊಸ ಜೆಲ್ ಹಾಕಿ, ಆಗಾಗ ಬದಲಿಸಿ.

ಉಳಿದವು ಚುಟುಕಾಗಿ. ಟೇಪು ಪೂರ್ತಿ ಕೀಳದಿದ್ದರೆ ಗುಜರಿಯವನು ಒಯ್ಯುವುದಿಲ್ಲ ಎನ್ನುವುದು ಸುಳ್ಳು. ಕಾಗದದ ಗಿರಣಿ ಅದನ್ನು ಬೇರ್ಪಡಿಸುತ್ತದೆ, ರಟ್ಟಿನ ಬೆಲೆ ಇಳಿಸುವುದು ನೀರು ಮತ್ತು ಎಣ್ಣೆ. ಥರ್ಮಕೋಲನ್ನು ಬಚ್ಚಲೊಲೆಗೆ ಹಾಕಿದರೆ ‘ಮುಗಿಯಿತು’ ಎನ್ನುವವರು ಅದರ ವಿಷದ ಕರಿಹೊಗೆಯನ್ನು ತಾವೇ ಕುಡಿಯುತ್ತಾರೆ. ಬಣ್ಣದ ಹೊಳಪಿಲ್ಲದ ರಟ್ಟನ್ನು ಟೇಪು ತೆಗೆದು ತರಕಾರಿ ಮಡಿಗೆ ಹಾಸಿದರೆ ಕಳೆ ತಡೆದು ಮಣ್ಣಾಗುತ್ತದೆ. ವಾಪಸಿನ ಗಡುವು ಮುಗಿಯುವ ತನಕ ಬಾಕ್ಸ್ ಇರಲಿ. ಮನೆ ಬದಲಿಸುವ ಯೋಚನೆಯಿದ್ದರೆ ಟಿವಿಯದೊಂದು, ಮುಂದೆ ಮಾರುವುದಾದರೆ ಮೊಬೈಲಿನದೊಂದು. ಮಿಕ್ಕಿದ್ದು ಜೂನಿಗೆ ಮೊದಲು, ಒಣಗಿರುವಾಗಲೇ ಗುಜರಿಗೆ.

ನನ್ನ ತಕರಾರು ರಟ್ಟಿನ ಮೇಲಲ್ಲ. ಕೈಯಲ್ಲೇ ಇರುವ ವಾರಂಟಿ ಕಾರ್ಡನ್ನು ಬಿಡಿಸಿ ನೋಡದೆ ಪಕ್ಕದ ಮನೆಯವರ ಮಾತನ್ನು ಕಾನೂನು ಮಾಡಿಕೊಳ್ಳುವ ನಮ್ಮ ಚಾಳಿಯ ಮೇಲೆ. ಬಹುತೇಕ ಕಾರ್ಡುಗಳಲ್ಲಿ ಬಾಕ್ಸಿನ ಸುದ್ದಿಯೇ ಇರುವುದಿಲ್ಲ. ಸಿಡಿಲು, ವೋಲ್ಟೇಜ್ ಏರಿಳಿತದಿಂದ ಸುಟ್ಟರೆ ವಾರಂಟಿ ಇಲ್ಲ ಎಂಬ ಸಾಲು ಮಾತ್ರ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ನಮ್ಮಲ್ಲಿ ಟಿವಿ, ರೂಟರ್ ಸುಡುವುದು ಹೊಸತೇ? ಬಾಕ್ಸ್ ಕಾಯುವ ಜನ ಪ್ಲಗ್ಗು ಕೀಳುವುದಿಲ್ಲ.