ಐಸ್ ಹಾಕಿ: ಕಪ್ಪಿನ ಪಂದ್ಯಗಳಲ್ಲಿ ದೊಡ್ಡವರು ಯಾರು?

ಹಾಕಿ ಎಂದೊಡನೆ ನಮ್ಮ ನೆನಪಿಗೆ ಬರುವುದು ಧ್ಯಾನಚಂದರ ಹಾಕಿ. ಕೊಡಗಿನ ಕಡೆಯ ಬಂಧುಗಳಿಗಂತೂ ಅದು ಮನೆಯ ಆಟವೇ ಸರಿ. ಆದರೆ ಕೆನಡಾ ದೇಶದಲ್ಲಿ ಹಾಕಿ ಎಂದರೆ ಬೇರೆ. ಅಲ್ಲಿ ಅದನ್ನು ಆಡುವುದು ಮಂಜುಗಡ್ಡೆಯ ಮೇಲೆ, ಉಕ್ಕಿನ ಅಲಗು ಕಟ್ಟಿದ ಬೂಟು ಹಾಕಿಕೊಂಡು. ಚೆಂಡಿನ ಬದಲು ‘ಪಕ್’ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಗೋಲ್‌ಕೀಪರನೂ ಸೇರಿ ಒಂದೊಂದು ಕಡೆಗೆ ೬ ಮಂದಿ. ೨೦ ಮಿನಿಟಿನ ೩ ಅವಧಿಗಳು. ನಮ್ಮ ದೇಶದ ಲಡಾಖಿನಲ್ಲಿಯೂ ಚಳಿಗಾಲದಲ್ಲಿ ಕೆರೆಗಳು ಹೆಪ್ಪುಗಟ್ಟಿದಾಗ ಈ ಆಟ ನಡೆಯುವುದುಂಟು.

ಇಷ್ಟು ದೂರದ ಆಟದ ವಿಷಯ ಇಲ್ಲೇಕೆ ಎಂದು ವಾಚಕರು ಕೇಳಬಹುದು. ನಮ್ಮ ವಾಚನಾಲಯದಲ್ಲಿ ಕ್ರೀಡಾಪುಟ ಬಿಡಿಸಿದಾಗ ಏಳುವ ಚರ್ಚೆ ಸಾಮಾನ್ಯವಾಗಿ ಒಂದೇ: ಯಾರು ದೊಡ್ಡ ಆಟಗಾರ? ಒಬ್ಬರು ವರ್ಷವಿಡೀ ಗಳಿಸಿದ ಮೊತ್ತವನ್ನು ಎಣಿಸುತ್ತಾರೆ. ಇನ್ನೊಬ್ಬರು “ಅದೆಲ್ಲ ಇರಲಿ, ಫೈನಲಿನಲ್ಲಿ ಏನು ಮಾಡಿದ ಹೇಳಿ” ಎನ್ನುತ್ತಾರೆ. ಐಸ್ ಹಾಕಿಯಲ್ಲಿ ಈ ಎರಡು ಲೆಕ್ಕಗಳನ್ನೂ ಬೇರೆಬೇರೆ ಖಾತೆಗಳಲ್ಲಿ ಬರೆದಿಡುತ್ತಾರೆ. ಆದುದರಿಂದ ಈ ಪ್ರಶ್ನೆಯನ್ನು ಬಿಡಿಸಿ ನೋಡಲು ಆ ಆಟ ಬಹಳ ಅನುಕೂಲವಾಗಿದೆ.

ಪ್ಲೇ-ಆಫ್ ಎಂದರೇನು?

ಕೆನಡಾ ಮತ್ತು ಅಮೆರಿಕದ ತಂಡಗಳು ಆಡುವ ನ್ಯಾಷನಲ್ ಹಾಕಿ ಲೀಗ್ ೧೯೧೭ರಲ್ಲಿ ಆರಂಭವಾಯಿತು. ಈಗ ಅದರಲ್ಲಿ ೩೨ ತಂಡಗಳಿವೆ. ಅಕ್ಟೋಬರಿನಿಂದ ಏಪ್ರಿಲಿನವರೆಗೆ ಆಡುವುದು ಸಾಮಾನ್ಯ ಪಂದ್ಯಾವಳಿ. ಅದರಲ್ಲಿ ಮೇಲೆ ಬಂದ ೧೬ ತಂಡಗಳು ‘ಪ್ಲೇ-ಆಫ್’ ಎಂಬ ಕಡೆಯ ಸುತ್ತುಗಳಿಗೆ ಹೋಗುತ್ತವೆ. ಅಲ್ಲಿ ಎರಡೆರಡು ತಂಡಗಳಿಗೆ ಜೋಡಿ. ೭ ಪಂದ್ಯಗಳಲ್ಲಿ ಮೊದಲು ೪ ಗೆದ್ದವರು ಮುಂದಕ್ಕೆ, ಸೋತವರು ಮನೆಗೆ. ಹೀಗೆ ೪ ಸುತ್ತುಗಳನ್ನು ದಾಟಿದವರಿಗೆ ಸ್ಟ್ಯಾನ್ಲಿ ಕಪ್. ಕೆನಡಾದ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟ್ಯಾನ್ಲಿ ೧೮೯೨ರಲ್ಲಿ ಕೊಟ್ಟ ಬೆಳ್ಳಿಯ ಬಟ್ಟಲಿನಿಂದ ಈ ಹೆಸರು ಬಂದಿದೆ.

ಈ ಸುತ್ತುಗಳಲ್ಲಿ ಸರಿಸಮ ಎಂಬ ಫಲಿತಾಂಶವೇ ಇಲ್ಲ. ಗೋಲು ಬೀಳುವ ತನಕ ಹೆಚ್ಚುವರಿ ಆಟ ನಡೆಯಲೇಬೇಕು. ೧೯೩೬ರ ಮಾರ್ಚ್ ೨೪ರ ರಾತ್ರಿ ಡೆಟ್ರಾಯಿಟ್ ಹಾಗೂ ಮಾಂಟ್ರಿಯಲ್ ಮರೂನ್ಸ್ ತಂಡಗಳ ಆಟ ೬ನೆಯ ಹೆಚ್ಚುವರಿ ಅವಧಿಗೆ ಹೋಯಿತು. ಆ ಪಂದ್ಯದ ಒಂದೇ ಒಂದು ಗೋಲು ಬಿದ್ದಾಗ ರಾತ್ರಿ ಎರಡು ಗಂಟೆ ಕಳೆದಿತ್ತು! ಇಂಥ ಕಡೆ ಆಟಗಾರನ ಕೈಚಳಕದೊಂದಿಗೆ ಅವನ ಎದೆಗಾರಿಕೆಯೂ ಪರೀಕ್ಷೆಗೆ ನಿಲ್ಲುತ್ತದೆ.

ಲೆಕ್ಕದ ಒಂದು ಪದ್ಧತಿಯನ್ನು ಹೇಳಿಬಿಡುತ್ತೇವೆ. ಗೋಲು ಹೊಡೆದವನಿಗೆ ೧ ಅಂಕ. ಆ ಗೋಲಿಗೆ ಪಕ್ ಒದಗಿಸಿ ನೆರವಾದವರಿಗೂ, ಹೆಚ್ಚೆಂದರೆ ಇಬ್ಬರಿಗೆ, ತಲಾ ೧ ಅಂಕ.

ಮೊತ್ತ ನೋಡಿದರೆ ಸಾಲದು

ಮೊತ್ತವನ್ನೇ ನೋಡುವುದಾದರೆ ಚರ್ಚೆ ಅಲ್ಲಿಗೇ ಮುಗಿಯುತ್ತದೆ. ವೇಯ್ನ್ ಗ್ರೆಟ್ಸ್ಕಿ ಪ್ಲೇ-ಆಫ್‌ಗಳಲ್ಲಿ ೨೦೮ ಪಂದ್ಯಗಳನ್ನಾಡಿ ೧೨೨ ಗೋಲು, ೨೬೦ ನೆರವು, ಒಟ್ಟು ೩೮೨ ಅಂಕ ಗಳಿಸಿದ. ಅವನ ಹಿಂದೆ ಇರುವವನು ಅವನ ಜೊತೆಗಾರನೇ ಆಗಿದ್ದ ಮಾರ್ಕ್ ಮೆಸ್ಸಿಯೇ; ೨೯೫ ಅಂಕ. ಹಳೆಯ ಕಾಲದ ವೀರ ಮೊರೀಸ್ ರಿಶಾರ್ ಗಳಿಸಿದ್ದು ೧೨೬. ಹಾಗಾದರೆ ಗ್ರೆಟ್ಸ್ಕಿ ರಿಶಾರನ ಮೂರರಷ್ಟು ದೊಡ್ಡವನೇ? ಹೀಗೆ ತೀರ್ಪು ಕೊಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಬೇಕು.

ಒಂದನೆಯದು: ಅವನಿಗೆ ಎಷ್ಟು ಪಂದ್ಯ ದೊರಕಿತು? ೧೯೪೨ರಿಂದ ೧೯೬೭ರವರೆಗೆ ಲೀಗಿನಲ್ಲಿ ಇದ್ದದ್ದು ೬ ತಂಡಗಳು ಮಾತ್ರ. ಪ್ಲೇ-ಆಫ್‌ಗೆ ಹೋಗುತ್ತಿದ್ದವು ೪, ಸುತ್ತುಗಳು ಎರಡೇ. ೮ ಪಂದ್ಯ ಗೆದ್ದರೆ ಕಪ್ಪು ಕೈಗೆ. ೧೯೫೨ರಲ್ಲಿ ಡೆಟ್ರಾಯಿಟಿನ ಮೀನಿನಂಗಡಿಯ ಸೋದರರಿಬ್ಬರು ಎಂಟು ತೋಳಿನ ಆಕ್ಟೋಪಸ್ ಒಂದನ್ನು ತಂದು ಮಂಜಿನ ಅಂಗಣಕ್ಕೆ ಎಸೆದರು. ಎಂಟು ತೋಳು, ಎಂಟು ಗೆಲುವು ಎಂಬುದು ಅದರ ಸಂಕೇತ. ಆ ವರ್ಷ ಡೆಟ್ರಾಯಿಟ್ ಒಂದೂ ಸೋಲದೆ ೮ ಪಂದ್ಯಗಳನ್ನು ಗೆದ್ದಿತು. ಈಗ ಕಪ್ಪಿಗೆ ೧೬ ಗೆಲುವು ಬೇಕು. ಒಬ್ಬ ಆಟಗಾರ ಒಂದೇ ವರ್ಷದಲ್ಲಿ ೨೮ ಪಂದ್ಯಗಳವರೆಗೆ ಆಡಬಹುದು; ರಿಶಾರನ ಕಾಲದಲ್ಲಿ ಹೆಚ್ಚೆಂದರೆ ೧೪.

ಎರಡನೆಯದು: ಆ ಕಾಲದಲ್ಲಿ ಗೋಲಿನ ಬೆಲೆ ಎಷ್ಟು? ೧೯೮೦ರ ದಶಕದ ಮೊದಲ ವರ್ಷಗಳಲ್ಲಿ ಸಾಮಾನ್ಯ ಪಂದ್ಯವೊಂದರಲ್ಲಿ ಎರಡೂ ಕಡೆ ಸೇರಿ ಸರಾಸರಿ ೮ ಗೋಲು ಬೀಳುತ್ತಿದ್ದವು. ೧೯೫೦ರ ದಶಕದ ಮೊದಲಲ್ಲಿ ಸುಮಾರು ೫. ೧೯೫೫ರ ನೂರು ರೂಪಾಯಿ ಸಂಬಳವನ್ನೂ ಇಂದಿನ ಸಂಬಳವನ್ನೂ ಬರೀ ಅಂಕಿ ನೋಡಿ ಹೋಲಿಸುವ ಗುಮಾಸ್ತೆ ಎಲ್ಲಿಯೂ ಇರಲಾರ. ಗೋಲಿನ ಲೆಕ್ಕವೂ ಹಾಗೆಯೇ.

ಮೂರನೆಯದು: ಜೊತೆಗಿದ್ದವರು ಯಾರು? ಮಗ್ಗ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೂಲು ಪದೇ ಪದೇ ಹರಿಯುತ್ತಿದ್ದರೆ ಎಂಥ ಕುಶಲ ನೇಕಾರನಾದರೂ ಎಷ್ಟು ಗಜ ತೆಗೆದಾನು? ಮಾರ್ಸೆಲ್ ಡಿಯಾನ್ ಎಂಬ ಆಟಗಾರ ಸಾಮಾನ್ಯ ಪಂದ್ಯಗಳಲ್ಲಿ ೭೩೧ ಗೋಲು ಹೊಡೆದ. ೧,೩೪೮ ಪಂದ್ಯಗಳಲ್ಲಿ ೧,೭೭೧ ಅಂಕ ಗಳಿಸಿದ. ಆದರೆ ಅವನ ತಂಡಗಳು ದೂರ ಹೋಗಲಿಲ್ಲ. ಪ್ಲೇ-ಆಫ್ ಖಾತೆಯಲ್ಲಿ ಅವನ ಹೆಸರಿನ ಮುಂದೆ ಇರುವುದು ೪೯ ಪಂದ್ಯ, ೪೫ ಅಂಕ. ಕಪ್ಪು ಒಂದೂ ಇಲ್ಲ. ಇತ್ತ ಮೊರೀಸನ ತಮ್ಮ ಆನ್ರಿ ರಿಶಾರ್ ೧೧ ಕಪ್ಪುಗಳನ್ನು ಗೆದ್ದ ತಂಡಗಳಲ್ಲಿದ್ದ. ಅಷ್ಟು ಗೆದ್ದ ಆಟಗಾರ ಇನ್ನೊಬ್ಬನಿಲ್ಲ. ಗ್ರೆಟ್ಸ್ಕಿಗೆ ಬಂದದ್ದು ೪. ಕಪ್ಪು ತಂಡದ ಸ್ವತ್ತು. ಅದನ್ನು ಒಬ್ಬನ ಹೆಸರಿಗೆ ಜಮಾ ಮಾಡುವಾಗ ಎಚ್ಚರಿಕೆ ಬೇಕು.

ತನ್ನೊಡನೆ ತಾನೇ ಹೋಲಿಕೆ

ಹಾಗಾದರೆ ಹೋಲಿಸುವುದು ಹೇಗೆ? ನಮಗೆ ನ್ಯಾಯವೆಂದು ತೋರುವ ದಾರಿ ಇದು: ಒಬ್ಬನನ್ನು ಇನ್ನೊಬ್ಬನ ಪಕ್ಕದಲ್ಲಿ ನಿಲ್ಲಿಸುವ ಮೊದಲು ಅವನ ದಿನನಿತ್ಯದ ಆಟದ ಪಕ್ಕದಲ್ಲಿಯೇ ನಿಲ್ಲಿಸಬೇಕು. ಎದುರಾಳಿ ಬಲವಾದಾಗ ಅವನು ಏರಿದನೇ, ಇಳಿದನೇ?

ಗ್ರೆಟ್ಸ್ಕಿ ಸಾಮಾನ್ಯ ಪಂದ್ಯವೊಂದಕ್ಕೆ ಗಳಿಸಿದ್ದು ಸರಾಸರಿ ೧.೯೨ ಅಂಕ, ಪ್ಲೇ-ಆಫ್‌ನಲ್ಲಿ ೧.೮೪. ಕೊಂಚ ಇಳಿಯಿತಲ್ಲ ಎನ್ನಬೇಡಿ. ಪ್ಲೇ-ಆಫ್‌ನಲ್ಲಿ ದುರ್ಬಲ ತಂಡಗಳೆಲ್ಲ ಮನೆಗೆ ಹೋಗಿರುತ್ತವೆ. ಅದೇ ಎದುರಾಳಿ ಏಳು ಪಂದ್ಯಗಳವರೆಗೂ ಇವನೊಬ್ಬನನ್ನೇ ಕಾಯುತ್ತಿರುತ್ತಾನೆ. ಅಂಥಲ್ಲಿ ನಿತ್ಯದ ಮಟ್ಟವನ್ನು ಕಾಯ್ದುಕೊಳ್ಳುವುದೇ ದೊಡ್ಡದು. ಮಹಾಪ್ರತಿಭೆಯ ಮಾರಿಯೊ ಲೆಮ್ಯೂ ಕೂಡ ೧.೮೮ರಿಂದ ೧.೬೧ಕ್ಕೆ ಇಳಿದ. ಆದರೂ ೧೯೯೧ ಮತ್ತು ೧೯೯೨ರಲ್ಲಿ ಪಿಟ್ಸ್‌ಬರ್ಗ್ ತಂಡಕ್ಕೆ ಕಪ್ಪು ತಂದುಕೊಟ್ಟು, ಎರಡು ಸಲವೂ ಪ್ಲೇ-ಆಫ್‌ನ ಅತ್ಯುತ್ತಮ ಆಟಗಾರನಿಗೆ ೧೯೬೫ರಿಂದ ಕೊಡುತ್ತಿರುವ ಕಾನ್ ಸ್ಮೈತ್ ಪಾರಿತೋಷಕವನ್ನು ಪಡೆದ.

ಮೊರೀಸ್ ರಿಶಾರನದು ಏರಿದ ಲೆಕ್ಕ. ಸಾಮಾನ್ಯ ೯೭೮ ಪಂದ್ಯಗಳಲ್ಲಿ ೫೪೪ ಗೋಲು, ಅಂದರೆ ಪಂದ್ಯಕ್ಕೆ ೦.೫೬. ಪ್ಲೇ-ಆಫ್‌ನ ೧೩೩ ಪಂದ್ಯಗಳಲ್ಲಿ ೮೨ ಗೋಲು, ಪಂದ್ಯಕ್ಕೆ ೦.೬೨. ಗೋಲು ತುಟ್ಟಿಯಾಗಿದ್ದ ಕಾಲ ಅದು ಎಂಬುದನ್ನು ಮರೆಯಬಾರದು. ೧೯೪೪ರ ಮಾರ್ಚ್ ೨೩ರಂದು ಮಾಂಟ್ರಿಯಲ್ ತಂಡ ಟೊರಾಂಟೊವನ್ನು ೫–೧ರಿಂದ ಸೋಲಿಸಿತು. ಐದಕ್ಕೆ ಐದೂ ರಿಶಾರನವೇ. ಹೆಚ್ಚುವರಿ ಅವಧಿಯಲ್ಲಿ ಪಂದ್ಯವನ್ನು ತೀರ್ಮಾನಿಸುವ ಗೋಲನ್ನು ಅವನು ೬ ಸಲ ಹೊಡೆದ.

ಸಾಧಾರಣನೆನಿಸಿದವನು ಕಡೆಯ ಗಳಿಗೆಯಲ್ಲಿ ಎದ್ದು ನಿಲ್ಲುವುದೂ ಉಂಟು. ಕ್ಲೋಡ್ ಲೆಮ್ಯೂ ೧೯೯೫ರ ಸಾಮಾನ್ಯ ಪಂದ್ಯಗಳಲ್ಲೆಲ್ಲ ಹೊಡೆದದ್ದು ೬ ಗೋಲು. ಅದರ ಬೆನ್ನಿಗೇ ಬಂದ ಪ್ಲೇ-ಆಫ್‌ನಲ್ಲಿ ೧೩! ನ್ಯೂಜೆರ್ಸಿ ತಂಡ ಕಪ್ಪು ಗೆದ್ದಿತು. ಪಾರಿತೋಷಕ ಅವನ ಪಾಲಾಯಿತು.

ಗೋಲು ತಡೆದವರು

ಗೋಲನ್ನಷ್ಟೇ ಎಣಿಸಿದರೆ ತಡೆದವನಿಗೆ ಅನ್ಯಾಯವಾಗುತ್ತದೆ. ಮೇಲೆ ಹೇಳಿದ ೧೯೫೨ರ ಡೆಟ್ರಾಯಿಟ್ ತಂಡದ ಗೋಲ್‌ಕೀಪರ್ ಟೆರಿ ಸಾಚಕ್ ೮ ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ೫ ಗೋಲು ಮಾತ್ರ. ೪ ಪಂದ್ಯಗಳಲ್ಲಿ ಒಂದನ್ನೂ ಬಿಡಲಿಲ್ಲ. ಕಾನ್ ಸ್ಮೈತ್ ಪಾರಿತೋಷಕವನ್ನು ೩ ಸಲ ಪಡೆದ ಏಕೈಕ ಆಟಗಾರನೂ ಗೋಲ್‌ಕೀಪರನೇ: ಪಾಟ್ರಿಕ್ ರುವಾ, ೧೯೮೬, ೧೯೯೩ ಮತ್ತು ೨೦೦೧ರಲ್ಲಿ.

೧೯೯೩ರ ಫೈನಲಂತೂ ನಮ್ಮ ವಿಷಯಕ್ಕೆ ಒಳ್ಳೆಯ ಪಾಠ. ಅಷ್ಟು ಹೊತ್ತಿಗೆ ಲಾಸ್ ಏಂಜಲೀಸ್ ತಂಡಕ್ಕೆ ಹೋಗಿದ್ದ ಗ್ರೆಟ್ಸ್ಕಿ ಆ ಪ್ಲೇ-ಆಫ್‌ನಲ್ಲಿ ಎಲ್ಲರಿಗಿಂತ ಹೆಚ್ಚು, ೪೦ ಅಂಕ ಗಳಿಸಿದ. ಎದುರು ಮಾಂಟ್ರಿಯಲ್ಲಿನ ಗೋಲಿನಲ್ಲಿ ರುವಾ ನಿಂತಿದ್ದ. ಮೂರು ಪಂದ್ಯಗಳು ಹೆಚ್ಚುವರಿ ಅವಧಿಗೆ ಹೋದವು. ಮೂರನ್ನೂ ಮಾಂಟ್ರಿಯಲ್ ಗೆದ್ದಿತು, ಕಪ್ಪನ್ನೂ ಗೆದ್ದಿತು. ಆ ಪ್ಲೇ-ಆಫ್‌ನಲ್ಲಿ ಆ ತಂಡ ಹೆಚ್ಚುವರಿ ಅವಧಿಯಲ್ಲಿ ಒಟ್ಟು ೧೦ ಪಂದ್ಯಗಳನ್ನು ಗೆದ್ದಿತ್ತು. ಇಬ್ಬರೂ ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡಿದರು. ಬಟ್ಟಲು ಒಂದೇ ಇತ್ತು.

ಸೋತವನ ಕೆಲಸವನ್ನು ಮನ್ನಿಸುವ ರೂಢಿಯೂ ಆ ಆಟದಲ್ಲಿದೆ. ೨೦೨೪ರಲ್ಲಿ ಎಡ್ಮಂಟನ್ ತಂಡದ ಕಾನರ್ ಮೆಕ್‌ಡೇವಿಡ್ ೨೫ ಪಂದ್ಯಗಳಲ್ಲಿ ೪೨ ಅಂಕ ಗಳಿಸಿದ. ಫೈನಲಿನ ೭ನೆಯ ಪಂದ್ಯದಲ್ಲಿ ತಂಡ ಫ್ಲಾರಿಡಾಕ್ಕೆ ಸೋತಿತು. ಆದರೂ ಕಾನ್ ಸ್ಮೈತ್ ಪಾರಿತೋಷಕ ಅವನಿಗೇ ಸಂದಿತು.

ನಮ್ಮ ಅಭಿಪ್ರಾಯ

ದೀರ್ಘಕಾಲ ಮಟ್ಟ ಬಿಡದೆ ಆಡಿದವನು ಎಂದರೆ ಗ್ರೆಟ್ಸ್ಕಿ, ಸಮಯ ಬಂದಾಗ ತನ್ನನ್ನು ತಾನೇ ಮೀರಿದವನು ಎಂದರೆ ಮೊರೀಸ್ ರಿಶಾರ್, ತಡೆದವರಲ್ಲಿ ರುವಾ. ಒಬ್ಬನನ್ನೇ ಆರಿಸಿ ಎಂದರೆ, ಕಾಲದ ಬೆಲೆಯನ್ನು ಹಿಡಿದು ನೋಡಿ, ನಮ್ಮ ಮತ ರಿಶಾರನಿಗೆ. ಬಂಧುಗಳು ಒಪ್ಪಬೇಕೆಂದೇನೂ ಇಲ್ಲ.

ಆದರೆ ಡಿಯಾನನನ್ನು ಸಣ್ಣವನೆನ್ನಲು ನಾವು ಒಪ್ಪುವುದಿಲ್ಲ. ಲೆಕ್ಕ ಬರೆಯುವವರಿಗೆ ಗೊತ್ತಿರುವ ನಿಯಮ ಒಂದಿದೆ: ಖಾಲಿ ಬಿಟ್ಟ ಕಲಮನ್ನು ಸೊನ್ನೆ ಎಂದು ಓದಬಾರದು. ಅವಕಾಶ ಸಿಕ್ಕಿ ಮಾಡದೆ ಹೋದದ್ದು ಸೊನ್ನೆ. ಅವಕಾಶವೇ ಸಿಗದಿದ್ದದ್ದು ಖಾಲಿ. ಮನುಷ್ಯರ ಯೋಗ್ಯತೆಯನ್ನು ಅಳೆಯುವವರು ಈ ಎರಡನ್ನು ಬೆರಸಿಬಿಡುವುದೇ ಹೆಚ್ಚು. ಆಟದ ಬಯಲಿನಲ್ಲಿ ಇದರಿಂದ ಒಂದು ಹೆಸರು ಮರೆಯಾಗಬಹುದು. ಕೆಲಸದ ಮನೆಯಲ್ಲಿ ಒಬ್ಬನ ಬಡ್ತಿಯೇ ಹೋಗಬಹುದು.

ಇನ್ನು ಮುಂದೆ ನಮ್ಮ ಮೇಜಿನ ಬಳಿ ಕ್ರಿಕೆಟ್ಟಿನ ಚರ್ಚೆ ಎದ್ದಾಗ ಈ ಮೂರು ಪ್ರಶ್ನೆಗಳನ್ನು ಕೇಳಿ ನೋಡಿರಿ: ಎಷ್ಟು ಅವಕಾಶ, ಯಾವ ಕಾಲ, ಯಾರ ಜೊತೆ? ಚರ್ಚೆ ಬೇಗ ಮುಗಿಯಲಾರದು, ಆದರೆ ರುಚಿ ಹೆಚ್ಚುತ್ತದೆ. ದನಿ ಮಾತ್ರ ತಗ್ಗಿರಲಿ; ಪಕ್ಕದಲ್ಲಿ ಓದುವವರಿರುತ್ತಾರೆ.